ಥಾಯ್ಲೆಂಡಿನಲ್ಲಿ ನಿವೃತ್ತ ಜೀವನ: ವರ್ಷಕ್ಕೊಮ್ಮೆ ಸಿಗುವ ಅನುಮತಿ ಮತ್ತು ಮುಪ್ಪಿನ ಲೆಕ್ಕ

ಚಾವೊಪ್ರಾಯ ದಡ (ಚರ್ಚೆ ಆರಂಭಿಸಿದವರು)

2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಥಾಯ್ಲೆಂಡ್ ಪ್ರವೇಶಿಸುವ ಅವಕಾಶ ದೊರೆತ ಮೇಲೆ, ಅದರಲ್ಲೂ 2024ರ ಜುಲೈಯಲ್ಲಿ ಆ ಅವಧಿಯನ್ನು 60 ದಿನಗಳಿಗೆ ಏರಿಸಿದ ಮೇಲೆ, ಊರಿನ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆಗಳೇ ಬದಲಾಗಿವೆ. ಯಾವ ದ್ವೀಪ ಚೆನ್ನಾಗಿದೆ ಎಂದು ಕೇಳುತ್ತಿದ್ದವರು ಈಗ ನಿವೃತ್ತಿಯಾದ ಮೇಲೆ ಇಲ್ಲಿಯೇ ಬಂದು ನೆಲೆಸಬಹುದೇ ಎಂದು ಕೇಳುತ್ತಿದ್ದಾರೆ. ಬ್ಯಾಂಕಾಕಿನಲ್ಲಿ ಬಹಳ ಕಾಲದಿಂದ ಕೆಲಸ ಮಾಡಿಕೊಂಡಿದ್ದು, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾಗಳಿಂದ ಬಂದ ವೃದ್ಧ ನೆರೆಹೊರೆಯವರ ಕಾಗದಪತ್ರಗಳಿಗೆ ಆಗಾಗ ನೆರವಾಗುತ್ತಾ ಬಂದಿರುವುದರಿಂದ, ಅವರ ಅನುಭವವನ್ನು ನಮ್ಮವರ ಮುಂದಿಡುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಮೊದಲಿಗೆ ನಿಯಮ. 50 ವರ್ಷ ತುಂಬಿದ ವಿದೇಶಿಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಬರುತ್ತಾರೆ. ಸ್ವದೇಶದಲ್ಲಿಯೇ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಆರೋಗ್ಯ ವಿಮೆಗಳನ್ನು ಒದಗಿಸಿ ಪಡೆಯುವ 'ಒ-ಎ' ವೀಸಾ ಒಂದು. 'ಒ' ವರ್ಗದ ವೀಸಾದಲ್ಲಿ ಬಂದು ಇಲ್ಲಿನ ವಲಸೆ ಕಚೇರಿಯಲ್ಲಿ ವರ್ಷ ವರ್ಷವೂ ವಾಸ್ತವ್ಯವನ್ನು ವಿಸ್ತರಿಸಿಕೊಳ್ಳುವುದು ಇನ್ನೊಂದು. ವಿಸ್ತರಣೆಗೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯವಿರಬೇಕು, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಮುಟ್ಟಬೇಕು. 2019ರ ಮಾರ್ಚ್‌ನಿಂದ ಈ ಠೇವಣಿಗೆ ಬಿಗಿಯಾದ ಷರತ್ತು ಬಂದಿದೆ. ಅರ್ಜಿಗೆ ಎರಡು ತಿಂಗಳು ಮೊದಲೇ ಹಣ ಖಾತೆಯಲ್ಲಿರಬೇಕು, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಅದನ್ನು ಮುಟ್ಟಬಾರದು, ವರ್ಷದ ಉಳಿದ ಅವಧಿಯಲ್ಲಿಯೂ ಅದು 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಅಂದರೆ ಇಲ್ಲಿರುವಷ್ಟು ಕಾಲವೂ 4 ಲಕ್ಷ ಬಾತ್ ತಮ್ಮದಾಗಿದ್ದೂ ತಮ್ಮ ಬಳಕೆಗೆ ಸಿಗದ ಹಣ.

ಐವತ್ತೈದರ ವಯಸ್ಸಿನಲ್ಲಿ ಇವೆಲ್ಲವೂ ಸುಲಭವಾಗಿಯೇ ಕಾಣುತ್ತವೆ. ಕಷ್ಟ ಕಾಣಿಸಿಕೊಳ್ಳುವುದು ಎಪ್ಪತ್ತೈದು ದಾಟಿದ ಮೇಲೆ. 2005ರ ಸುಮಾರಿಗೆ ಬಂದ ಬ್ರಿಟಿಷ್ ನಿವೃತ್ತರನ್ನು ನೋಡಿ. ಅಂದು ಒಂದು ಪೌಂಡಿಗೆ 70 ಬಾತ್‌ನ ಆಸುಪಾಸಿನಲ್ಲಿ ಸಿಗುತ್ತಿತ್ತು. ನಂತರದ ವರ್ಷಗಳಲ್ಲಿ ಅದು 40ರ ಆಸುಪಾಸಿಗೆ ಇಳಿಯಿತು. ಬ್ರಿಟನ್ ಸರ್ಕಾರವು ತನ್ನ ಸರ್ಕಾರಿ ಪಿಂಚಣಿಯನ್ನು ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ಪ್ರತಿ ವರ್ಷ ಏರಿಸುವುದಿಲ್ಲ. ದೇಶ ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಕೊನೆಯವರೆಗೂ. ಹೀಗೆ ಪಿಂಚಣಿ ನಿಂತಲ್ಲೇ ನಿಂತು, ಅದರ ಬಾತ್ ಮೌಲ್ಯ ಕುಗ್ಗಿ, ಆಸ್ಪತ್ರೆಯ ವೆಚ್ಚ ಏರಿದಾಗ, ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಬಾಳಿದವರಿಗೂ ಈ ವರ್ಷದ ಅನುಮತಿ ಸಿಕ್ಕೀತೇ ಎಂಬ ಚಿಂತೆ ಶುರುವಾಗುತ್ತದೆ. ಎಷ್ಟು ವರ್ಷ ಇದ್ದರೂ ನಿವೃತ್ತಿಯ ಆಧಾರದ ವಾಸ್ತವ್ಯ ಕಾಯಂ ವಾಸದ ಹಕ್ಕಾಗಿ ಬೆಳೆಯುವುದಿಲ್ಲ. ಕಾಯಂ ವಾಸಕ್ಕೆ ಒಂದೊಂದು ದೇಶದವರಿಗೆ ವರ್ಷಕ್ಕೆ 100 ಸ್ಥಾನಗಳ ಮಿತಿಯಿದೆ, ಅದನ್ನು ಕೇಳಬಲ್ಲವರು ಉದ್ಯೋಗ, ಹೂಡಿಕೆ, ಕುಟುಂಬ ಮುಂತಾದ ಆಧಾರವುಳ್ಳವರು. ನಿವೃತ್ತಿಯು ಆ ಪಟ್ಟಿಯಲ್ಲಿಲ್ಲ. ಬರುವ ಆಲೋಚನೆ ಇರುವವರು ತಾವು ಬರುವ ವರ್ಷದ ಲೆಕ್ಕದ ಜೊತೆಗೆ ತಮ್ಮ ಎಂಬತ್ತನೆಯ ವರ್ಷದ ಲೆಕ್ಕವನ್ನೂ ಈಗಲೇ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕುಕ್ಕರಹಳ್ಳಿ ನಡಿಗೆ

ಬಹಳ ಉಪಯುಕ್ತವಾದ ವಿವರಣೆ, ವಂದನೆಗಳು. ನಾನು ಮೈಸೂರಿನವನು, ಸರ್ಕಾರಿ ಸೇವೆಯಿಂದ ನಿವೃತ್ತನಾಗಿದ್ದೇನೆ. ಮಕ್ಕಳು ಹೊರದೇಶದಲ್ಲಿದ್ದಾರೆ. ನಾನೂ ನನ್ನ ಪತ್ನಿಯೂ ಹುವಾ ಹಿನ್‌ನಲ್ಲಿ ಕೆಲವು ವಾರ ಇದ್ದು ಬಂದೆವು. ಸಮುದ್ರದ ದಂಡೆ, ಶುಚಿಯಾದ ಬೀದಿಗಳು, ನಡೆದು ಹೋಗುವಷ್ಟು ಹತ್ತಿರದ ಆಸ್ಪತ್ರೆ, ಇವೆಲ್ಲ ಮನಸ್ಸಿಗೆ ಹಿಡಿಸಿದವು. ನನ್ನ ಪ್ರಶ್ನೆಗಳು ಎರಡು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ 8 ಲಕ್ಷ ಬಾತ್ ಇಡಬೇಕೇ? ನಮ್ಮ ಲೆಕ್ಕದಲ್ಲಿ ಅದು ಒಬ್ಬರಿಗೆ 20 ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಎರಡನೆಯದಾಗಿ, ಪಿಂಚಣಿಯನ್ನೇ ಆದಾಯವೆಂದು ತೋರಿಸಲು ಭಾರತದ ರಾಯಭಾರ ಕಚೇರಿಯ ಪತ್ರ ಸಾಕಾಗುವುದೇ?

ಚಾವೊಪ್ರಾಯ ದಡ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ 2019ರ ಬಿಗಿ ನಿಯಮ ಬಂದದ್ದೂ ಈ ವಿಷಯದ ಬೆನ್ನಿಗೇ. ಅದಕ್ಕೂ ಮೊದಲು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ರಾಯಭಾರ ಕಚೇರಿಗಳು ತಮ್ಮ ಪ್ರಜೆಗಳ ಆದಾಯದ ಬಗ್ಗೆ ಪತ್ರ ಕೊಡುತ್ತಿದ್ದವು, ವಲಸೆ ಕಚೇರಿ ಅದನ್ನು ಒಪ್ಪುತ್ತಿತ್ತು. ಆದಾಯವನ್ನು ತಾವು ಪರಿಶೀಲಿಸಲು ಸಾಧ್ಯವಿಲ್ಲದಿರುವಾಗ ಪ್ರಮಾಣೀಕರಿಸಲಾಗದು ಎಂದು ಆ ಕಚೇರಿಗಳು 2018ರ ಕೊನೆಯ ಹೊತ್ತಿಗೆ ಅದನ್ನು ನಿಲ್ಲಿಸಿದವು. ಅಂದಿನಿಂದ ಹೆಚ್ಚಿನವರಿಗೆ ಉಳಿದಿರುವುದು ಬ್ಯಾಂಕ್ ದಾಖಲೆ ಮಾತ್ರ: ಪ್ರತಿ ತಿಂಗಳೂ ವಿದೇಶದಿಂದಲೇ 65,000 ಬಾತ್‌ಗೆ ಕಡಿಮೆಯಿಲ್ಲದ ಹಣ ಥಾಯ್ ಖಾತೆಗೆ ಬಂದಿದೆ ಎಂದು ಹನ್ನೆರಡು ತಿಂಗಳ ಲೆಕ್ಕ ತೋರಿಸಬೇಕು. ಒಂದು ತಿಂಗಳು ತಪ್ಪಿದರೂ ಅಥವಾ ಹಣವು ಸ್ಥಳೀಯ ವರ್ಗಾವಣೆ ಎಂಬ ಗುರುತಿನೊಂದಿಗೆ ಜಮೆಯಾದರೂ ತಕರಾರು ಏಳುತ್ತದೆ. ಆದ್ದರಿಂದ ಪತ್ರದ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ.

ಮೊದಲನೆಯ ಪ್ರಶ್ನೆ. ಒಬ್ಬರು ಮುಖ್ಯ ಅರ್ಜಿದಾರರಾಗಿ ಹಣ ತೋರಿಸಿದರೆ ಇನ್ನೊಬ್ಬರು ಅವಲಂಬಿತರಾಗಿ ಜೊತೆಗಿರಬಹುದು, ಪ್ರತ್ಯೇಕ ಠೇವಣಿ ಬೇಕಿಲ್ಲ. ಇಲ್ಲಿನ ಬಹುಪಾಲು ದಂಪತಿಗಳು ಹೀಗೆಯೇ ಇದ್ದಾರೆ. ಆದರೆ ನಾನು ಇದನ್ನು ಸಲಹೆ ಮಾಡಲಾರೆ. ಅವಲಂಬಿತರ ಅನುಮತಿ ಮುಖ್ಯ ಅರ್ಜಿದಾರರ ಅನುಮತಿಯ ನೆರಳಿನಲ್ಲಿ ನಿಂತಿರುತ್ತದೆ. ಗಂಡ ತೀರಿಕೊಂಡರೆ ಹೆಂಡತಿಯ ವಾಸ್ತವ್ಯದ ಆಧಾರವೂ ಹೋಗುತ್ತದೆ. ಅದೇ ವಾರದಲ್ಲಿ ಗಂಡನ ಹೆಸರಿನ ಬ್ಯಾಂಕ್ ಖಾತೆಯೂ ಸ್ಥಗಿತಗೊಳ್ಳುತ್ತದೆ. ಠೇವಣಿ ಅರ್ಜಿದಾರರೊಬ್ಬರ ಹೆಸರಿನಲ್ಲಿಯೇ ಇರಬೇಕೆಂಬುದು ಕಚೇರಿಗಳ ಪದ್ಧತಿಯಾದ್ದರಿಂದ, ನ್ಯಾಯಾಲಯವು ಆಸ್ತಿಯ ನಿರ್ವಾಹಕರನ್ನು ನೇಮಿಸುವವರೆಗೆ ಆ 8 ಲಕ್ಷ ಕೈಗೆ ಸಿಗುವುದಿಲ್ಲ. ದುಃಖದಲ್ಲಿರುವ ವೃದ್ಧೆಯೊಬ್ಬರು ಹಣವೂ ಇಲ್ಲದೆ, ಅನುಮತಿಯೂ ಇಲ್ಲದೆ ಕಚೇರಿಯ ಮೆಟ್ಟಿಲು ಹತ್ತುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಾಧ್ಯವಿದ್ದರೆ ಇಬ್ಬರೂ ಸ್ವತಂತ್ರ ಅನುಮತಿ ಹೊಂದಿರಿ. ಸಾಧ್ಯವಿಲ್ಲದಿದ್ದರೆ ಪತ್ನಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದು ಆರೇಳು ತಿಂಗಳ ಖರ್ಚಿನ ಹಣವನ್ನಾದರೂ ಇಡಿ. ಥಾಯ್ ಭಾಷೆಯ ಪ್ರತಿಯೂ ಇರುವ ಉಯಿಲನ್ನು ಬಂದ ಮೊದಲ ವರ್ಷವೇ ಇಲ್ಲಿನ ವಕೀಲರಿಂದ ಮಾಡಿಸಿ.

ಲೆಕ್ಕದ ಪುಸ್ತಕ

ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕನಾಗಿರುವುದರಿಂದ ಹಣದ ಭಾರತೀಯ ಬದಿಯನ್ನು ಸೇರಿಸುತ್ತೇನೆ. ಇಲ್ಲಿನ ನಿವಾಸಿಯಾಗಿರುವವರೆಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. 2025ರ ಏಪ್ರಿಲ್‌ನಿಂದ, ಇಂತಹ ಉದ್ದೇಶಗಳಿಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮುಂಗಡವಾಗಿ ಸಂಗ್ರಹಿಸುತ್ತದೆ. ರಿಟರ್ನ್ ಸಲ್ಲಿಸಿದಾಗ ಅದು ಹೊಂದಾಣಿಕೆಯಾಗುತ್ತದೆ ಅಥವಾ ಮರಳುತ್ತದೆ. ಆದರೂ ಠೇವಣಿಯ ಮೊತ್ತವನ್ನು ಒಂದೇ ಬಾರಿಗೆ ಕಳುಹಿಸುವವರು ಅಷ್ಟು ಹಣ ಕೆಲವು ತಿಂಗಳು ಕಟ್ಟಿಬೀಳುವುದಕ್ಕೆ ಸಿದ್ಧರಿರಬೇಕು. ದಂಪತಿಗಳು ತಮ್ಮ ತಮ್ಮ ಖಾತೆಗಳಿಂದ, ಮಾರ್ಚ್ ಮತ್ತು ಏಪ್ರಿಲ್ ಎಂದು ಎರಡು ಆರ್ಥಿಕ ವರ್ಷಗಳಿಗೆ ಹಂಚಿ ಕಳುಹಿಸಿದರೆ ಈ ಹೊರೆ ಬಹಳ ತಗ್ಗುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ವರ್ಷದ ಬಹುಭಾಗ ಹೊರಗಿದ್ದು ಅನಿವಾಸಿಯಾದ ಮೇಲೂ ಭಾರತದ ಪಿಂಚಣಿ, ಬಾಡಿಗೆ, ಬಡ್ಡಿಗಳಿಗೆ ಭಾರತದ ತೆರಿಗೆ ಇದ್ದೇ ಇರುತ್ತದೆ. ಆದರೆ ನಿವಾಸಿಗಳಿಗೆ ಸಿಗುವ ಸವಲತ್ತುಗಳು ಕೈಬಿಡುತ್ತವೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಶೂನ್ಯವಾಗುವುದು ರಿಬೇಟ್‌ನಿಂದ. ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಖಾತೆ ತೆರೆಯುವಂತಿಲ್ಲ. ಮೈಸೂರಿನಲ್ಲಿದ್ದಾಗ ಒಂದು ರೂಪಾಯಿ ತೆರಿಗೆ ಕಟ್ಟದ ಪಿಂಚಣಿದಾರರು ಹುವಾ ಹಿನ್‌ನಲ್ಲಿದ್ದ ಕಾರಣಕ್ಕೆ ಭಾರತದಲ್ಲಿಯೇ ತೆರಿಗೆ ಕಟ್ಟಬೇಕಾಗಬಹುದು.

ಥಾಯ್ಲೆಂಡಿನ ಬದಿಯಲ್ಲಿ 2024ರ ಜನವರಿ 1ರಿಂದ ದೊಡ್ಡ ಬದಲಾವಣೆಯಾಗಿದೆ. ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಅಲ್ಲಿ ವಾಸಿಸುವವರು ಹೊರದೇಶದ ಆದಾಯವನ್ನು ಥಾಯ್ಲೆಂಡಿಗೆ ತಂದರೆ, ಅದು ಯಾವ ವರ್ಷ ಗಳಿಸಿದ್ದಾದರೂ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಹಿಂದೆ ಗಳಿಸಿದ ವರ್ಷ ಕಳೆದ ಮೇಲೆ ತಂದರೆ ತೆರಿಗೆ ಇರಲಿಲ್ಲ. 2024ಕ್ಕೂ ಮುಂಚಿನ ಗಳಿಕೆಗೆ ವಿನಾಯಿತಿ ಇದೆ. ಆದ್ದರಿಂದ ಹಳೆಯ ಉಳಿತಾಯವನ್ನು ಕಳುಹಿಸುವವರು 2023ರ ಡಿಸೆಂಬರ್ 31ರ ಬ್ಯಾಂಕ್ ಶಿಲ್ಕಿನ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೊದಲ 1,50,000 ಬಾತ್‌ಗೆ ತೆರಿಗೆ ಇಲ್ಲ, ವೈಯಕ್ತಿಕ ಕಡಿತ 60,000, 65 ದಾಟಿದವರಿಗೆ ಇನ್ನೂ 1,90,000 ವಿನಾಯಿತಿ ಇರುವುದರಿಂದ ಸಾಧಾರಣ ಪಿಂಚಣಿಗೆ ಹೊರೆ ಹೆಚ್ಚಾಗಲಾರದು. ಎರಡೂ ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವೂ ಇದೆ. ಆದರೂ ಹೊರಡುವ ಮೊದಲು ಎರಡೂ ಕಡೆಯ ಲೆಕ್ಕವನ್ನು ಒಟ್ಟಿಗೆ ಹಾಕಿಸಿ.

ದೊಯ್ ಸುಥೆಪ್ ತಪ್ಪಲು

ನಾನು ಚಿಯಾಂಗ್ ಮಾಯ್‌ನಲ್ಲಿದ್ದೇನೆ. ವಿಸ್ತರಣೆಯ ದಿನ ಹೇಗಿರುತ್ತದೆ ಎಂಬುದನ್ನು ಹೊಸಬರಿಗಾಗಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮುಪ್ಪಿನಲ್ಲಿ ಇದು ಎಷ್ಟು ದಣಿಸುತ್ತದೆ ಎಂಬುದು ನಿಯಮ ಓದಿದರೆ ತಿಳಿಯುವುದಿಲ್ಲ.

ಬೆಳಿಗ್ಗೆ ಬ್ಯಾಂಕು ತೆರೆಯುತ್ತಿದ್ದಂತೆಯೇ ಹೋಗಿ ನೂರು ಬಾತ್ ಜಮಾ ಮಾಡಿ, ಪಾಸ್‌ಬುಕ್ಕಿನಲ್ಲಿ ಅದೇ ದಿನದ ನಮೂದು ಮುದ್ರಿಸಿಕೊಳ್ಳಬೇಕು, ಬ್ಯಾಂಕಿನ ಪತ್ರವನ್ನೂ ಪಡೆಯಬೇಕು. ನಂತರ ಪಾಸ್‌ಬುಕ್ಕಿನ ಪುಟಗಳು, ಪಾಸ್‌ಪೋರ್ಟಿನ ಮುದ್ರೆಯುಳ್ಳ ಪುಟಗಳು, ಬಾಡಿಗೆ ಕರಾರು, ಮನೆಯ ಮಾಲೀಕರ ಕಾಗದಗಳು ಎಲ್ಲದರ ನೆರಳಚ್ಚು ತೆಗೆದು ಒಂದೊಂದಕ್ಕೂ ನೀಲಿ ಶಾಯಿಯಲ್ಲಿ ಸಹಿ ಹಾಕಬೇಕು. ಮನೆಗೆ ಬರುವ ದಾರಿಯ ನಕ್ಷೆಯನ್ನು ಕೈಯಲ್ಲಿ ಬಿಡಿಸಿಕೊಡಬೇಕು; ದೇವಸ್ಥಾನ, ಅಂಗಡಿ, ತಿರುವು ಇವನ್ನು ಗುರುತಿಸಬೇಕು. ಅರ್ಜಿಯ ಶುಲ್ಕ 1,900 ಬಾತ್. ವರ್ಷದ ನಡುವೆ ಊರಿಗೆ ಹೋಗಿ ಬರಬೇಕಿದ್ದರೆ ಮರುಪ್ರವೇಶದ ಅನುಮತಿ ಬೇರೆ, ಒಂದು ಬಾರಿಗೆ 1,000, ಹಲವು ಬಾರಿಗೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವರ್ಷದ ಅನುಮತಿ ಅಲ್ಲಿಗೇ ರದ್ದು. ತೊಂಬತ್ತು ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಮಾಹಿತಿ ಕೊಡಬೇಕು. ಅವರು ಕೊಡದಿದ್ದರೆ ಅಡಚಣೆ ಬಾಡಿಗೆದಾರರಿಗೇ. ಹೀಗಾಗಿ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಮಾಲೀಕರು ಈ ಕಾಗದಗಳನ್ನು ಮಾಡಿಕೊಡುತ್ತಾರೆಯೇ ಎಂದು ಕೇಳಿ.

ಕಿವಿ ಮಂದವಾದವರು, ಕೈ ನಡುಗುವವರು ಗಂಟೆಗಟ್ಟಲೆ ಕುಳಿತು ಸರದಿ ಕಾಯುವುದನ್ನು ನೋಡುತ್ತೇನೆ. ಅಧಿಕಾರಿಗಳು ಸಾಮಾನ್ಯವಾಗಿ ಸೌಜನ್ಯದಿಂದಲೇ ಇರುತ್ತಾರೆ; ತೀರಾ ವಯಸ್ಸಾದವರನ್ನು ಮುಂದೆ ಕರೆಯುವುದೂ ಉಂಟು. ಆದರೆ ಮರೆವಿನ ಕಾಯಿಲೆ ಬಂದು ದಿನಾಂಕವೇ ನೆನಪಿರದವರಿಗೆ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ವಾಸ್ತವ್ಯದ ಗಡುವು ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ತೊಂಬತ್ತು ದಿನ ದಾಟಿದರೆ ದಂಡದ ಜೊತೆಗೆ ಕನಿಷ್ಠ ಒಂದು ವರ್ಷ ಪ್ರವೇಶ ನಿಷೇಧ. ನಂಬಿಕೆಯ ಒಬ್ಬರು ನಿಮ್ಮ ದಿನಾಂಕಗಳನ್ನು ತಮ್ಮ ಬಳಿ ಬರೆದಿಟ್ಟುಕೊಂಡಿರಲೇಬೇಕು.

ಇಲ್ಲಿನ ಹವೆಯ ಬಗ್ಗೆಯೂ ಒಂದು ಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳ ಬೆಂಕಿಯ ಹೊಗೆ ಈ ಕಣಿವೆಯನ್ನು ತುಂಬಿಕೊಳ್ಳುತ್ತದೆ, ಕೆಲವು ದಿನ ಬೆಟ್ಟವೇ ಕಾಣುವುದಿಲ್ಲ. ಉಸಿರಾಟದ ತೊಂದರೆ ಇರುವವರು ಡಿಸೆಂಬರಿನ ಚಿಯಾಂಗ್ ಮಾಯ್ ನೋಡಿ ನಿರ್ಧಾರ ಮಾಡಬಾರದು.

ಅರಬ್ಬಿ ಕಡಲು

ನನ್ನ ಪರಿಚಯದ ಕೆಲವರು ಏಜೆಂಟರಿಗೆ ಹಣ ಕೊಟ್ಟು, ಠೇವಣಿಯೇ ಇಲ್ಲದೆ ವರ್ಷ ವರ್ಷ ವಿಸ್ತರಣೆ ಪಡೆಯುತ್ತಿದ್ದಾರೆ. ಅಷ್ಟು ಸುಲಭದ ದಾರಿ ಇರುವಾಗ ಈ ಲೆಕ್ಕಗಳೆಲ್ಲ ಏಕೆ? ಇನ್ನು ಆರೋಗ್ಯ ವಿಮೆಯನ್ನೂ ಕಡ್ಡಾಯ ಮಾಡಿರುವುದು ವಿದೇಶಿಯರನ್ನು ಹಿಂಡುವ ಕ್ರಮವೆಂದೇ ನನಗೆ ತೋರುತ್ತದೆ.

ಚಾವೊಪ್ರಾಯ ದಡ

ಏಜೆಂಟರಲ್ಲಿ ಎರಡು ಬಗೆ. ನಿಮ್ಮದೇ ಹಣ, ನಿಮ್ಮದೇ ದಾಖಲೆಗಳನ್ನು ಜೋಡಿಸಿ ಸರದಿಯಲ್ಲಿ ನಿಲ್ಲಲು ನೆರವಾಗುವವರಿದ್ದಾರೆ. ವಯಸ್ಸಾದವರಿಗೆ ಅವರ ಸೇವೆ ನಿಜಕ್ಕೂ ಅಗತ್ಯ. ತಮ್ಮ ಹಣವನ್ನು ನಿಮ್ಮ ಖಾತೆಯಲ್ಲಿ ಕೆಲವು ದಿನ ಇರಿಸಿ ತೆಗೆಯುವವರು ಇನ್ನೊಂದು ಬಗೆ. ಅಲ್ಲಿ ಸುಳ್ಳು ದಾಖಲೆಗೆ ಸಹಿ ಹಾಕುವವರು ನೀವೇ, ವಿಚಾರಣೆ ನಡೆದರೆ ವಾಸ್ತವ್ಯ ಕಳೆದುಕೊಳ್ಳುವವರೂ ನೀವೇ. ಎಲ್ಲಕ್ಕಿಂತ ಮುಖ್ಯವಾಗಿ, 8 ಲಕ್ಷ ಬಾತ್ ಇಡಲಾಗದವರಿಗೆ ಹೃದಯದ ಶಸ್ತ್ರಚಿಕಿತ್ಸೆಯ ಬಿಲ್ಲು ಕಟ್ಟುವ ಶಕ್ತಿಯೂ ಇರುವುದಿಲ್ಲ. ಠೇವಣಿಯ ನಿಯಮವನ್ನು ದಾಟಿದರೂ ಅದರ ಹಿಂದಿನ ವಾಸ್ತವವನ್ನು ದಾಟಲಾಗುವುದಿಲ್ಲ.

ವಿಮೆಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ವಿಮೆಯಿಲ್ಲದ ವಿದೇಶಿಯರು ಕಟ್ಟದೆ ಬಿಟ್ಟ ಬಿಲ್ಲುಗಳ ಭಾರ ಸರ್ಕಾರಿ ಆಸ್ಪತ್ರೆಗಳ ಮೇಲೆ, ಅಂದರೆ ಥಾಯ್ ಜನರ ಮೇಲೆ ಬೀಳುತ್ತಿತ್ತು. ಅದಕ್ಕೆಂದೇ 2019ರ ಅಕ್ಟೋಬರ್ 31ರಿಂದ 'ಒ-ಎ' ವೀಸಾಕ್ಕೆ ವಿಮೆ ಬಂತು. ಮೊದಲು ಒಳರೋಗಿ ಚಿಕಿತ್ಸೆಗೆ 4 ಲಕ್ಷ, ಹೊರರೋಗಿಗೆ 40,000 ಬಾತ್ ಇದ್ದದ್ದು 2021ರಲ್ಲಿ 30 ಲಕ್ಷ ಬಾತ್‌ಗೆ ಏರಿತು. ನಿಯಮದ ಉದ್ದೇಶ ಸರಿ. ಅದರ ಕೊರತೆ ಇರುವುದು ಬೇರೆ ಕಡೆ: ಎಪ್ಪತ್ತು, ಎಪ್ಪತ್ತೈದರ ನಂತರ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವ ವಿಮಾ ಸಂಸ್ಥೆಗಳು ಬಹಳ ಕಡಿಮೆ, ಸೇರಿಸಿಕೊಂಡರೂ ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ. ಹಾಗಾಗಿ ಎಷ್ಟೋ ವೃದ್ಧರು 'ಒ-ಎ' ಬಿಟ್ಟು, ದೇಶದಿಂದ ಹೊರಗೆ ಹೋಗಿ ಬಂದು, ವಿಮೆಯ ಷರತ್ತಿಲ್ಲದ 'ಒ' ವರ್ಗಕ್ಕೆ ಬದಲಾದರು. ವಲಸೆ ಕಚೇರಿಯ ಕಾಗದ ಸರಿಯಾಯಿತು, ಆದರೆ ಕಾಯಿಲೆ ಬಂದಾಗ ಅವರ ಕೈಯಲ್ಲಿ ವಿಮೆ ಇಲ್ಲ. ನಮ್ಮವರು 'ಒ' ವರ್ಗದಲ್ಲಿ ಬಂದರೂ ಅರವತ್ತರ ಆಸುಪಾಸಿನಲ್ಲಿಯೇ ವಿಮೆ ಮಾಡಿಸಿ, ಒಂದು ವರ್ಷವೂ ತಪ್ಪಿಸದೆ ಮುಂದುವರಿಸಬೇಕು.

ಆತಿಥೇಯ ದೇಶದ ಮೇಲೆ ಅಸಮಾಧಾನ ತೋರುವ ಮೊದಲು, ಭಾರತದಲ್ಲಿ ವಿದೇಶಿ ನಿವೃತ್ತರಿಗೆಂದೇ ಒಂದು ವೀಸಾ ಇಲ್ಲವೇ ಇಲ್ಲ ಎಂಬುದನ್ನೂ ನೆನೆಯೋಣ. ಥಾಯ್ ಸರ್ಕಾರ ಹಳಬರನ್ನು ಕೈಬಿಡದ ನಿದರ್ಶನವೂ ಇದೆ. 1998ರ ಅಕ್ಟೋಬರ್ 21ಕ್ಕೆ ಮೊದಲು ಬಂದು, ತಡೆಯಿಲ್ಲದೆ ವಿಸ್ತರಣೆ ಪಡೆಯುತ್ತಾ ಬಂದವರಿಗೆ ಹಳೆಯ, ಕಡಿಮೆ ಮೊತ್ತದ ಷರತ್ತೇ ಉಳಿಯಿತು. ಆದರೆ 2020ರಲ್ಲಿ ಗಡಿ ಮುಚ್ಚಿದಾಗ, ಮಗಳ ಮದುವೆಗೋ ಮೊಮ್ಮಗುವನ್ನು ನೋಡಲೋ ಸ್ವದೇಶಕ್ಕೆ ಹೋಗಿದ್ದ ಅನೇಕ ನಿವೃತ್ತರು ತಿಂಗಳುಗಟ್ಟಲೆ ಮರಳಲಾಗದೆ, ಅಷ್ಟರಲ್ಲಿ ಅನುಮತಿ ಮುಗಿದು, ಬಾಡಿಗೆ ಮನೆಯೂ ಸಾಮಾನೂ ಇಲ್ಲಿಯೇ ಉಳಿದ ಸ್ಥಿತಿಗೆ ಬಂದರು. ಎರಡೂ ನಿಜ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕುಕ್ಕರಹಳ್ಳಿ ನಡಿಗೆ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ವರ್ಷದ ವೀಸಾ ಒಂದಿದೆಯೆಂದು ಓದಿದ್ದೇನೆ. ಅದು ನಮ್ಮಂತಹವರಿಗೆ ಸಿಗುವುದೇ? ಮೈಸೂರಿನ ಮನೆ ಮಾರಿ ಅಲ್ಲಿ ಒಂದು ಚಿಕ್ಕ ಮನೆ ಕೊಳ್ಳುವ ಆಲೋಚನೆಯೂ ಇದೆ.

ಚಾವೊಪ್ರಾಯ ದಡ

2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಹತ್ತು ವರ್ಷದ ದೀರ್ಘಾವಧಿ ವೀಸಾಕ್ಕೆ ನಿವೃತ್ತರು ವರ್ಷಕ್ಕೆ 80,000 ಡಾಲರ್, ಅಂದರೆ ಸುಮಾರು 70 ಲಕ್ಷ ರೂಪಾಯಿ ಆದಾಯ ತೋರಿಸಬೇಕು. 40,000 ಡಾಲರ್‌ಗೆ ಕಡಿಮೆಯಿಲ್ಲದ ಆದಾಯದ ಜೊತೆಗೆ ಥಾಯ್ಲೆಂಡಿನಲ್ಲಿ 2,50,000 ಡಾಲರ್ ಹೂಡಿದರೂ ನಡೆಯುತ್ತದೆ. ಇದ್ದವರಿಗೆ ಅದು ಬಹಳ ಒಳ್ಳೆಯ ವೀಸಾ. ಹತ್ತು ವರ್ಷದ 'ಒ-ಎಕ್ಸ್' ಎಂಬುದು ಹದಿನಾಲ್ಕು ದೇಶದವರಿಗೆ ಮಾತ್ರ, ಭಾರತ ಅದರಲ್ಲಿಲ್ಲ. ಸಾಧಾರಣ ಪಿಂಚಣಿದಾರರ ದಾರಿ 'ಒ' ವರ್ಗ ಮತ್ತು ವಾರ್ಷಿಕ ವಿಸ್ತರಣೆಯೇ.

ಮನೆಯ ವಿಷಯದಲ್ಲಿ ನನ್ನ ಮಾತು ಕಠಿಣವೆನಿಸಿದರೆ ಕ್ಷಮಿಸಿ: ಮೈಸೂರಿನ ಮನೆಯನ್ನು ಮಾರಬೇಡಿ. ವಿದೇಶಿಯರು ಇಲ್ಲಿ ಭೂಮಿಯ ಒಡೆಯರಾಗುವಂತಿಲ್ಲ. ವಸತಿ ಸಮುಚ್ಚಯದ ಫ್ಲ್ಯಾಟ್ ಕೊಳ್ಳಬಹುದು, ಅದೂ ಕಟ್ಟಡದ ಒಟ್ಟು ವಿಸ್ತೀರ್ಣದ ಶೇ. 49ರ ಮಿತಿಯೊಳಗೆ, ವಿದೇಶದಿಂದ ಬಂದ ಹಣದಿಂದ. ಜಮೀನಿನ ಗುತ್ತಿಗೆ 30 ವರ್ಷಕ್ಕೆ. ಫ್ಲ್ಯಾಟ್ ಇದೆ ಎಂದ ಮಾತ್ರಕ್ಕೆ ವಾಸ್ತವ್ಯದ ಅನುಮತಿ ಸಿಗುವುದಿಲ್ಲ. ಅನುಮತಿ ತಪ್ಪಿದ ದಿನ ಸ್ವಂತ ಫ್ಲ್ಯಾಟಿನಲ್ಲಿಯೂ ಇರಲಾಗುವುದಿಲ್ಲ. ಬಾಡಿಗೆಗೆ ಇರಿ, ಮೈಸೂರಿನ ಮನೆಯನ್ನು ಮರಳುವ ನೆಲೆಯಾಗಿ ಉಳಿಸಿಕೊಳ್ಳಿ. ಭಾರತದ ಆರೋಗ್ಯ ವಿಮೆಯನ್ನೂ ನಿಲ್ಲಿಸಬೇಡಿ.

ಮೊದಲು ಒಂದು ಮಳೆಗಾಲವನ್ನು ಪ್ರವಾಸಿಗರಾಗಿಯೇ ಕಳೆಯಿರಿ. ತರಕಾರಿ ಸಂತೆಯಿಂದ ಔಷಧಿ ಅಂಗಡಿಯವರೆಗೆ ಕೈಭಾಷೆಯಲ್ಲಿ ಎಷ್ಟು ದಿನ ನಡೆದೀತು, ನಿಮ್ಮ ಪತ್ನಿಗೆ ಒಬ್ಬರಾದರೂ ಒಡನಾಡಿ ಸಿಕ್ಕಾರೇ ಎಂದು ನೋಡಿಕೊಳ್ಳಿ. ಅವಲಂಬಿತರಾಗಿ ಬರುವ ಸಾಧ್ಯತೆಯಿದ್ದರೆ ವಿವಾಹ ನೋಂದಣಿಯ ಪ್ರಮಾಣಪತ್ರ ಬೇಕು. ನಮ್ಮ ತಲೆಮಾರಿನ ಎಷ್ಟೋ ಮದುವೆಗಳು ಛತ್ರದಲ್ಲಿ ಶಾಸ್ತ್ರೋಕ್ತವಾಗಿ ನಡೆದವೇ ಹೊರತು ಉಪನೋಂದಣಾಧಿಕಾರಿಯ ಕಚೇರಿ ತಲುಪಲಿಲ್ಲ. ನಿಮ್ಮದೂ ಹಾಗಿದ್ದರೆ ಈಗಲೇ ನೋಂದಾಯಿಸಿ, ವಿದೇಶಾಂಗ ಸಚಿವಾಲಯದ ದೃಢೀಕರಣ ಪಡೆಯಿರಿ, ಥಾಯ್ ಅನುವಾದವನ್ನು ಇಲ್ಲಿ ಮಾಡಿಸಬಹುದು. ಲಗ್ನಪತ್ರಿಕೆ ಸಿಗದಿದ್ದರೆ ಹಳೆಯ ಫೋಟೋಗಳನ್ನೂ ಸಾಕ್ಷಿಗಳನ್ನೂ ಹೊಂದಿಸುವುದಕ್ಕೇ ಸಮಯ ಹಿಡಿಯುತ್ತದೆ, ಆದ್ದರಿಂದ ಆ ಕೆಲಸದಿಂದಲೇ ಆರಂಭಿಸಿ. ಹೆಸರಿನ ಅಕ್ಷರಗಳು ಇಬ್ಬರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಪ್ರಮಾಣಪತ್ರದಲ್ಲಿಯೂ ಬರುವಂತೆ ಅಲ್ಲಿಯೇ ನಿಂತು ನೋಡಿಕೊಳ್ಳಿ.